ಕ್ಲೇಮ್ ಹಾಕುವ ಮುನ್ನ ನಾನು ಮಾಡುವ ಲೆಕ್ಕ

ಬಂಪರ್ ಒಡೆದ ಕಾರು ಗ್ಯಾರೇಜಿಗೆ ಹೋದ ಕೂಡಲೇ ಕೇಳಿಬರುವ ಮಾತು ‘ಇನ್ಶೂರೆನ್ಸ್‌ನಲ್ಲೇ ಮಾಡಿಸೋಣವಾ ಸಾರ್?’ ಹೂಂ ಅನ್ನುವ ಮೊದಲು ನಾನು ಪಾಲಿಸಿ ತೆರೆದು ಎರಡು ಅಂಕಿ ನೋಡುತ್ತೇನೆ. ಈಗ ನಡೆಯುತ್ತಿರುವ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಹಾಕದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಶೇಕಡ ಎಷ್ಟು? ಆ ಬೋನಸ್ ಕಳೆಯುವ ಮೊದಲಿನ ಓನ್ ಡ್ಯಾಮೇಜ್ ಪ್ರೀಮಿಯಂ ಎಷ್ಟು? ಇವೆರಡು ಗೊತ್ತಿಲ್ಲದೆ ಕ್ಲೇಮ್ ಹಾಕಬಾರದು.

ಪಾಲಿಸಿಯಲ್ಲಿ ಎರಡು ಪ್ರೀಮಿಯಂ ಇರುತ್ತವೆ: ನಮ್ಮ ಕಾರಿನ ಹಾನಿಗೆ ಓನ್ ಡ್ಯಾಮೇಜ್, ನಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಗೆ ಥರ್ಡ್ ಪಾರ್ಟಿ. ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ, ಎಂಜಿನ್ ಗಾತ್ರದ ಮೇಲೆ. 2022ರ ಜೂನ್‌ನಲ್ಲಿ ಬಂದ ದರಪಟ್ಟಿಯಲ್ಲಿ 1000ರಿಂದ 1500 ಸಿಸಿ ಖಾಸಗಿ ಕಾರಿಗೆ 3,416 ರೂಪಾಯಿ. ಹತ್ತು ಚಲನ್ ಕಟ್ಟಿದವರಿಗೂ ಒಂದೂ ಇಲ್ಲದವರಿಗೂ ಅಷ್ಟೇ. ಬೋನಸ್ ಸಿಗುವುದು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ: ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ. 20, ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಂದ ಮೇಲೆ ಏರುವುದಿಲ್ಲ. ಒಂದು ಕ್ಲೇಮ್ ಪಾವತಿಯಾದರೆ ಮುಂದಿನ ನವೀಕರಣದಲ್ಲಿ ನೇರ ಸೊನ್ನೆ. ಒಂದು ಮೆಟ್ಟಿಲು ಕೆಳಗಿಳಿಯುವುದಲ್ಲ, ಬುಡದಿಂದ ಮತ್ತೆ ಹತ್ತಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಮುಂದಿನ ವರ್ಷದ ನಷ್ಟವನ್ನಷ್ಟೇ ಎಣಿಸುತ್ತಾರೆ, ಆದರೆ ನಷ್ಟ ಐದು ವರ್ಷ ಎಳೆಯುತ್ತದೆ.

ಈಗ ಶೇ. 25 ಬೋನಸ್ ಇದೆ, ಬೋನಸ್ ಕಳೆಯುವ ಮೊದಲಿನ ಪ್ರೀಮಿಯಂ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಕ್ಲೇಮ್ ಹಾಕದಿದ್ದರೆ ಮುಂದಿನ ಐದು ನವೀಕರಣಗಳಲ್ಲಿ 35, 45, 50, 50, 50. ಹಾಕಿದರೆ 0, 20, 25, 35, 45. ವ್ಯತ್ಯಾಸ ಕೂಡಿಸಿದರೆ ಶೇ. 105, ಅಂದರೆ ಒಂದು ವರ್ಷದ ಪೂರ್ತಿ ಪ್ರೀಮಿಯಂಗಿಂತ ಹೆಚ್ಚು. 10,500 ರೂಪಾಯಿಗೆ ಶೇ. 18 ಜಿಎಸ್‌ಟಿ ಸೇರಿಸಿದರೆ 12,390. ಇದೇ ರೀತಿ ಬೋನಸ್ ಇನ್ನೂ ಶುರುವಾಗದ ಮೊದಲ ವರ್ಷದವರಿಗೆ ನಷ್ಟ ಪ್ರೀಮಿಯಂನ ಬರೀ ಶೇ. 50, ಶೇ. 20ರಲ್ಲಿರುವವರಿಗೆ 80, ಶೇ. 35ರಲ್ಲಿರುವವರಿಗೆ 120, ಶೇ. 45 ಅಥವಾ 50ರಲ್ಲಿರುವವರಿಗೆ 125. ಕಾರು ಹಳೆಯದಾದಂತೆ ಅದರ ವಿಮಾ ಮೌಲ್ಯ ಇಳಿದು ಪ್ರೀಮಿಯಂ ಕೂಡ ಇಳಿಯುವುದರಿಂದ ನಿಜವಾದ ಮೊತ್ತ ಸ್ವಲ್ಪ ಕಡಿಮೆ ಬರಬಹುದು. ಮುಂದಿನ ಐದು ವರ್ಷ ಬೇರೆ ಕ್ಲೇಮ್ ಇರುವುದಿಲ್ಲ ಎಂಬುದೂ ಈ ಲೆಕ್ಕದ ಬುನಾದಿ. ದಿನವೂ ಇಕ್ಕಟ್ಟಿನ ದಾರಿಯಲ್ಲಿ ಓಡುವ ಕಾರಾದರೆ ಅಷ್ಟು ಭರವಸೆ ಇಟ್ಟುಕೊಳ್ಳಬೇಡಿ.

ಇನ್ನು ಕೈಗೆ ಬರುವ ಹಣ. ಎಸ್ಟಿಮೇಟ್‌ನಲ್ಲಿ ಬಂಪರ್ 8,000, ಪೇಂಟಿಂಗ್ 5,000, ಲೇಬರ್ 2,000, ಒಟ್ಟು 15,000 ಎನ್ನಿ. ಕಂಪನಿ 15,000 ಕೊಡುವುದಿಲ್ಲ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗಳಿಗೆ ಶೇ. 50 ಸವಕಳಿ ಕಳೆಯುತ್ತಾರೆ, ಹಾಗಾಗಿ ಬಂಪರ್‌ಗೆ 4,000. ಪೇಂಟಿಂಗ್ ಬಿಲ್ ಒಟ್ಟಾಗಿದ್ದರೆ ಅದರ ಶೇ. 25 ಭಾಗವನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, ಉಳಿದದ್ದು 4,375. ಲೇಬರ್ ಪೂರ್ತಿ. ಕೊನೆಗೆ ಪ್ರತಿ ಕ್ಲೇಮ್‌ನಲ್ಲಿ ನಾವೇ ಹೊರಬೇಕಾದ ಕಡ್ಡಾಯ ಕಡಿತ: 1500 ಸಿಸಿವರೆಗೆ 1,000, ಮೇಲಿನದಕ್ಕೆ 2,000. ಸಣ್ಣ ಕಾರಿಗೆ ಸಿಗುವುದು 9,375 ರೂಪಾಯಿ. ಇಷ್ಟಕ್ಕಾಗಿ 12,390 ಬಿಡುವುದು ಸರಿಯಲ್ಲ, ಕೈಯಿಂದಲೇ ಕಟ್ಟುತ್ತೇನೆ. ಅದೇ ಬಂಪರ್, ಅದೇ ಪ್ರೀಮಿಯಂ, ಆದರೆ ಬೋನಸ್ ಇನ್ನೂ ಸೊನ್ನೆ ಎಂದಾದರೆ ನಷ್ಟ 5,900 ಮಾತ್ರ. ಆಗ ಹಿಂದೆಮುಂದೆ ನೋಡದೆ ಕ್ಲೇಮ್ ಹಾಕುತ್ತೇನೆ. ಸವಕಳಿ ಕಳೆಯದಂತೆ ಹೆಚ್ಚುವರಿಯಾಗಿ ಕೊಳ್ಳುವ ಝೀರೋ ಡೆಪ್ ಇದ್ದರೆ ಸಿಗುವುದು 14,000ಕ್ಕೆ ಏರಿ ತಕ್ಕಡಿ ಆ ಕಡೆ ವಾಲುತ್ತದೆ. ಬಾಗಿಲು, ಫೆಂಡರ್‌ನಂಥ ಲೋಹದ ಭಾಗಗಳಿಗೆ ಸವಕಳಿ ಕಾರಿನ ವಯಸ್ಸಿನ ಮೇಲೆ: ಎರಡನೇ ವರ್ಷದಲ್ಲಿ ಶೇ. 10, ಐದು ದಾಟಿ ಹತ್ತರವರೆಗೆ 40. ಗಾಜಿಗೆ ಸವಕಳಿಯೇ ಇಲ್ಲ.

ಕಾರು ನೀರಿನಲ್ಲಿ ಮುಳುಗಿದರೆ, ಕಳವಾದರೆ, ಚಾಸಿಗೆ ಪೆಟ್ಟಾದರೆ ಈ ಲೆಕ್ಕವೇ ಬೇಡ, ಕ್ಲೇಮ್ ಹಾಕಿಬಿಡಿ. ಯಾರಿಗಾದರೂ ಗಾಯವಾಗಿದ್ದರಂತೂ ಕಂಪನಿಗೆ ಕೂಡಲೇ ತಿಳಿಸಲೇಬೇಕು.

ಅನುಮಾನ ಇದ್ದಾಗಲೂ ಮೊದಲು ತಿಳಿಸಿಬಿಡುತ್ತೇನೆ, ಹಾನಿ ಅಂದಾಜು ಮಾಡುವ ಸರ್ವೇಯರ್ ನೋಡುವವರೆಗೆ ಕಾರನ್ನು ಬಿಚ್ಚಲು ಬಿಡುವುದಿಲ್ಲ. ತಡವಾಗಿ ತಿಳಿಸಿದರೆ ಅದೇ ತಕರಾರಿಗೆ ದಾರಿ. ಲಾಭವಿಲ್ಲ ಎಂದು ಕಂಡರೆ ಕ್ಲೇಮ್ ಹಿಂಪಡೆಯುತ್ತೇನೆ. ಇದನ್ನು ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಕ್ಲೇಮ್ ನಂಬರ್ ಹಾಕಿ ಇಮೇಲ್ ಕಳಿಸಿ, ‘ಪಾವತಿ ಇಲ್ಲದೆ ಮುಚ್ಚಲಾಗಿದೆ’ ಎಂಬ ಉತ್ತರ ತರಿಸಿಕೊಳ್ಳಿ. ಫೈಲ್ ತೆರೆದೇ ಉಳಿದರೆ ನವೀಕರಣದ ಹೊತ್ತಿಗೆ ಬೋನಸ್ ಸೊನ್ನೆ ತೋರಿಸುವ ಸಂಭವ ಇದೆ.

ಬೇರೆ ಬೇರೆ ದಿನ ಆದ ಪೆಟ್ಟುಗಳನ್ನು ಒಂದೇ ಅಪಘಾತ ಎಂದು ಬರೆಯುವುದು ಸುಳ್ಳು ಹೇಳಿಕೆಯಾಗುತ್ತದೆ. ಹಳೆಯ ಗೀರಿನಲ್ಲಿ ತುಕ್ಕು, ಧೂಳು ಕೂತಿರುತ್ತದೆ, ಸರ್ವೇಯರ್ ಕಣ್ಣಿಗೆ ಅದು ತಪ್ಪುವುದಿಲ್ಲ. ಪ್ರತಿ ಘಟನೆಗೂ ಬೇರೆ ಕ್ಲೇಮ್, ಬೇರೆ ಕಡಿತ. ಆ ವರ್ಷ ಈಗಾಗಲೇ ಒಂದು ಕ್ಲೇಮ್ ಆಗಿದ್ದರೆ ಎರಡನೆಯದರಿಂದ ಬೋನಸ್‌ಗೆ ಹೊಸ ನಷ್ಟವಿಲ್ಲ ನಿಜ. ಆದರೆ ಓನ್ ಡ್ಯಾಮೇಜ್ ದರದಲ್ಲಿ ಎಷ್ಟು ರಿಯಾಯಿತಿ ಕೊಡಬೇಕೆಂಬುದು ಕಂಪನಿಯ ಕೈಯಲ್ಲಿದೆ, ಕ್ಲೇಮ್‌ಗಳ ಸಂಖ್ಯೆಯನ್ನು ಅವರು ನೋಡುತ್ತಾರೆ. ಹಲವು ಪಾಲಿಸಿಗಳಲ್ಲಿ ಝೀರೋ ಡೆಪ್ ವರ್ಷಕ್ಕೆ ಎರಡೇ ಸಲ.

ಚಾಲಕರ ದಾಖಲೆ ಕೆಲಸಕ್ಕೆ ಬರುವುದು ಪ್ರೀಮಿಯಂಗಿಂತ ಹೆಚ್ಚಾಗಿ ಕ್ಲೇಮ್ ಹೊತ್ತಿನಲ್ಲಿ. ಓಡಿಸುತ್ತಿದ್ದವರ ಡಿಎಲ್ ಅವಧಿ ಮೀರಿದ್ದರೆ ಅಥವಾ ಕುಡಿದಿದ್ದರೆ ಓನ್ ಡ್ಯಾಮೇಜ್ ಕ್ಲೇಮ್ ತಿರಸ್ಕೃತವಾಗುತ್ತದೆ. ಕಾರನ್ನು ಬೇರೆಯವರ ಕೈಗೆ ಕೊಡುವಾಗ ಡಿಎಲ್ ಕೊನೆಯ ದಿನಾಂಕ ನೋಡಿಯೇ ಕೊಡಿ.

ಕಂಪನಿ ಬದಲಿಸುವಾಗ ಇಲ್ಲದ ಬೋನಸ್ ಬರೆಯಬೇಡಿ. ಹಳೆಯ ಕಂಪನಿಯಿಂದ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಸುಳ್ಳು ಬಯಲಾದರೆ ಪಾಲಿಸಿಯ ಓನ್ ಡ್ಯಾಮೇಜ್ ಭಾಗವೇ ಕೈತಪ್ಪಬಹುದು. ಪಾಲಿಸಿ ಮುಗಿದು 90 ದಿನ ದಾಟಿದರೂ ಬೋನಸ್ ಹೋಯಿತು.

ಬೋನಸ್ ಇರುವುದು ಮಾಲೀಕರ ಹೆಸರಿಗೆ, ಕಾರಿಗಲ್ಲ. ಕಾರು ಮಾರಿದಾಗ ಆರ್‌ಸಿ ವರ್ಗಾವಣೆಯ ದಾಖಲೆ ಕೊಟ್ಟು ಕಂಪನಿಯಿಂದ ನೋ ಕ್ಲೇಮ್ ಬೋನಸ್ (ಎನ್‌ಸಿಬಿ) ಪತ್ರ ಪಡೆಯಿರಿ, ಮೂರು ವರ್ಷ ನಡೆಯುತ್ತದೆ. ಹೊಸ ಕಾರಿನ ಪಾಲಿಸಿ ಮಾಡಿಸುವ ಮೊದಲೇ ಅದನ್ನು ತೋರಿಸಬೇಕು. ಹೊಸ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ ದೊಡ್ಡದು, ಶೇ. 50 ಅಲ್ಲಿ ಉಳಿಸುವಷ್ಟು ಇನ್ನೆಲ್ಲೂ ಉಳಿಸುವುದಿಲ್ಲ.