ದೂರು ಯಾರಿಗೆ ಕೊಡಬೇಕು? ನಮ್ಮ ಕಾಲೇಜಿನ ಕೈಪಿಡಿ ಬರೆದ ಅನುಭವ

ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಕಾಮರ್ಸ್ ಪಾಠ ಮಾಡುತ್ತೇನೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದಿತ್ತು, ವಿದ್ಯಾರ್ಥಿ ಕೈಪಿಡಿಯನ್ನು ಹೊಸದಾಗಿ ಬರೆಯುವ ಕೆಲಸ ನನ್ನ ತಲೆಗೆ ಬಂತು. ಹಳೆಯದನ್ನು ತೆಗೆದು ನೋಡಿದರೆ ಬರೀ ‘ಬಾರದು’ಗಳೇ. ಕಾರಿಡಾರಿನಲ್ಲಿ ನಿಲ್ಲಬಾರದು, ಮೊಬೈಲ್ ತರಬಾರದು, ಬೈಕ್ ಗೇಟಿನೊಳಗೆ ಬರಬಾರದು. ಒಬ್ಬ ಹುಡುಗಿಗೋ ಹುಡುಗನಿಗೋ ತೊಂದರೆ ಆದರೆ ಯಾರ ಹತ್ತಿರ ಹೋಗಬೇಕು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ. ಕೊನೆಯ ಪುಟದಲ್ಲಿ ‘ಪ್ರಾಂಶುಪಾಲರ ತೀರ್ಮಾನವೇ ಅಂತಿಮ’ ಅಂತ ಒಂದು ಸಾಲು, ಅಷ್ಟೇ.

ನಿಯಮದ ಪುಸ್ತಕ ತೆರೆಯುವ ಮೊದಲು ನಾನು ಮಾಡಿದ್ದು ಒಂದು ಸಣ್ಣ ಕೆಲಸ. ತರಗತಿಗಳಲ್ಲಿ ಚೀಟಿ ಹಂಚಿ, ಹೆಸರು ಬರೆಯಬೇಡಿ, ಕಾಲೇಜಿನಲ್ಲಿ ತೊಂದರೆ ಆದರೆ ಯಾರಿಗೆ ಹೇಳ್ತೀರಿ ಅಂತ ಮಾತ್ರ ಬರೀರಿ ಎಂದೆ. ಫ್ರೆಂಡ್ಸ್ ಅಂತ ಬರೆದವರೇ ಜಾಸ್ತಿ. ‘ಯಾರಿಗೂ ಇಲ್ಲ’ ಕೂಡ ಕಡಿಮೆ ಇರಲಿಲ್ಲ. ಪ್ರಿನ್ಸಿಪಾಲರ ಹೆಸರು ಅಲ್ಲೊಂದು ಇಲ್ಲೊಂದು. ನನಗೆ ಆಶ್ಚರ್ಯವಾದದ್ದು ಇನ್ನೊಂದು. ಹೆಣ್ಣುಮಕ್ಕಳ ಚೀಟಿಗಳಲ್ಲಿ ಮತ್ತೆ ಮತ್ತೆ ಬಂದದ್ದು ನಮ್ಮ ಅಟೆಂಡರ್ ಅಕ್ಕ. ಲೇಡೀಸ್ ರೂಮಿನ ಬೀಗ ಇರೋದು ಅವರ ಕೈಯಲ್ಲಿ. ಹೊಟ್ಟೆನೋವು ಬಂದಾಗ ಬಿಸಿನೀರು ಕೊಡೋರೂ ಅವರೇ, ಕಣ್ಣೀರು ಮೊದಲು ಕಾಣೋದೂ ಅವರಿಗೇ.

ಈ ಚೀಟಿ ಆಮೇಲೆ ಬಹಳ ಉಪಯೋಗಕ್ಕೆ ಬಂತು. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2015ರ ನಿಯಮದ ಪ್ರಕಾರ ಕಾಲೇಜಿನಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ದೂರು ಸಮಿತಿ ಇರಬೇಕು. ಎಲ್ಲರ ಬಾಯಲ್ಲೂ ಅದು ಐಸಿಸಿ. ಅಧ್ಯಕ್ಷೆ ಹಿರಿಯ ಅಧ್ಯಾಪಕಿಯೇ ಆಗಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ಸಿಬ್ಬಂದಿ, ಹೊರಗಿನವರೊಬ್ಬರು. ಬೋಧಕೇತರ ಎಂದ ಕೂಡಲೇ ಆಫೀಸ್ ಸೂಪರಿಂಟೆಂಡೆಂಟ್ ಹೆಸರು ಬರೆದು ಮುಗಿಸೋದು ರೂಢಿ. ನಾನು ಚೀಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟು ಅಟೆಂಡರ್ ಅಕ್ಕನ ಹೆಸರು ಹೇಳಿದೆ. ‘ಅವರಿಗೆ ರಿಪೋರ್ಟ್ ಬರೆಯೋಕೆ ಬರುತ್ತಾ?’ ಎಂದು ಒಬ್ಬರು ಕೇಳಿದರು. ರಿಪೋರ್ಟ್ ಬರೆಯೋರು ಬೇಕಾದಷ್ಟು ಜನ ಇದ್ದೀವಿ, ಮಕ್ಕಳು ಬಾಯಿ ಬಿಡೋದು ಯಾರ ಮುಂದೆ ಅಂತ ಕೇಳಿದೆ. ಹೆಸರು ಸೇರಿತು. ಹೊರಗಿನ ಸದಸ್ಯೆಯಾಗಿ ಇಲ್ಲಿನ ಕೋರ್ಟಿನಲ್ಲಿ ವಕೀಲಿ ಮಾಡುವ ಒಬ್ಬರು ಒಪ್ಪಿಕೊಂಡರು.

ದೂರಿನಲ್ಲಿ ವಿದ್ಯಾರ್ಥಿಗಳು ಇದ್ದರೆ ಸಮಿತಿಯಲ್ಲಿ ಮೂವರು ವಿದ್ಯಾರ್ಥಿಗಳೂ ಇರಬೇಕು, ಅವರು ಆಯ್ಕೆಯಾಗಿ ಬರಬೇಕು. ತೊಡಕು ಶುರುವಾದದ್ದು ಇಲ್ಲಿ. ನಮ್ಮ ರಾಜ್ಯದಲ್ಲಿ ಕಾಲೇಜು ಚುನಾವಣೆ ನಿಂತು ಮೂರು ದಶಕ ದಾಟಿದೆ. ಹೆಚ್ಚು ಅಂಕ ತೆಗೆದವರನ್ನು ಕ್ಲಾಸ್ ರೆಪ್ ಮಾಡಿ ಕೈ ತೊಳೆದುಕೊಳ್ಳುವುದೇ ಅಭ್ಯಾಸ. ಚುನಾವಣೆ ಅಂದ ಕೂಡಲೇ ಸ್ಟಾಫ್ ರೂಮಿನಲ್ಲಿ ಜಾತಿ, ಪಕ್ಷ, ಗಲಾಟೆ ಅಂತ ಮಾತು ಶುರುವಾಯಿತು. ಭಯ ಪೂರ್ತಿ ಸುಳ್ಳು ಅಂತ ನಾನೂ ಹೇಳೋದಿಲ್ಲ. ಪದವಿ, ಸ್ನಾತಕೋತ್ತರ, ಸಂಶೋಧನೆ ಹಂತಗಳಿಂದ ಒಬ್ಬೊಬ್ಬರು ಎನ್ನುತ್ತದೆ ನಿಯಮ. ನಮ್ಮಲ್ಲಿರೋದು ಪದವಿ ಮಾತ್ರ. ಹಾಗಾಗಿ ಬಿಎ, ಬಿಕಾಂ, ಬಿಎಸ್‌ಸಿಯಿಂದ ಒಬ್ಬೊಬ್ಬರನ್ನು ಆರಿಸಲು ಹೇಳಿದೆವು. ಪ್ರಚಾರ ಇಲ್ಲ, ಪೋಸ್ಟರ್ ಇಲ್ಲ. ಪೀರಿಯಡ್ ಮಧ್ಯೆ ಗುಪ್ತ ಮತದಾನ, ಅದೇ ತರಗತಿಯಲ್ಲಿ ಎಣಿಕೆ. ಗಲಾಟೆ ಆಗಲಿಲ್ಲ. ರ‍್ಯಾಂಕ್ ಹುಡುಗಿಯರು ಯಾರೂ ಗೆಲ್ಲಲಿಲ್ಲ. ಬಿಕಾಂನಿಂದ ಬಂದವಳು ಜಗಳೂರು ಬಸ್ಸಿನಲ್ಲಿ ಓಡಾಡುವ ಹುಡುಗಿ. ಕಂಡಕ್ಟರ್ ಜೊತೆ ಜಗಳ ಮಾಡಿ ಬಸ್ ನಿಲ್ಲಿಸಿದವಳು ಅಂತ ಅವಳಿಗೆ ಮತ ಬಿದ್ದಿತ್ತಂತೆ.

ಬಸ್ಸಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಅರ್ಧಕ್ಕರ್ಧ ಮಕ್ಕಳು ಜಗಳೂರು, ಮಾಯಕೊಂಡ, ಹರಿಹರ, ಭರಮಸಾಗರದ ಕಡೆಯವರು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಚಾರ್ಜು ಉಳಿದಿದೆ, ನಿಲ್ಲೋಕೆ ಜಾಗ ಮಾತ್ರ ಸಿಗೋದಿಲ್ಲ. ಬಸ್ಸಿನಲ್ಲಿ ಸೀನಿಯರ್‌ಗಳು ಪೀಡಿಸಿದರೆ ಅದು ಕಾಲೇಜಿಗೆ ಸಂಬಂಧಿಸಿದ್ದಾ? ‘ಗೇಟಿನ ಹೊರಗಿನದು ನಮಗೆ ಸೇರಿದ್ದಲ್ಲ’ ಅನ್ನುತ್ತಿದ್ದವರೇ ಎಲ್ಲರೂ. ಆದರೆ ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮ ಓದಿದರೆ, ಓದಿಗಾಗಿ ವಿದ್ಯಾರ್ಥಿಗಳು ಬಳಸುವ ಸಾರಿಗೆಯೂ ಅದರೊಳಗೆ ಬರುತ್ತದೆ, ಸರ್ಕಾರಿ ಬಸ್ ಆಗಲಿ, ಖಾಸಗಿ ಬಸ್ ಆಗಲಿ. ಕ್ಯಾಂಪಸ್ಸಿನ ಹೊರಗಿನ ಹಾಸ್ಟೆಲ್ಲೂ ಬರುತ್ತದೆ. 2016ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಜಾತಿ, ರೂಪ, ಭಾಷೆ, ವಾಸದ ಊರು, ಮನೆಯ ಹಣಕಾಸಿನ ಸ್ಥಿತಿ ಹಿಡಿದು ಹೀಯಾಳಿಸುವುದನ್ನೂ ರ‍್ಯಾಗಿಂಗ್ ಎಂದು ಸೇರಿಸಿತು. ಹಳ್ಳಿ ಮಾತು ಆಡಿದ ಅಂತ ಒಬ್ಬನನ್ನು ವರ್ಷವಿಡೀ ಅಣಕಿಸುವುದು ತಮಾಷೆ ಲೆಕ್ಕಕ್ಕೆ ಬರೋದಿಲ್ಲ ಅನ್ನುವುದನ್ನು ಕೈಪಿಡಿಯಲ್ಲಿ ಉದಾಹರಣೆ ಕೊಟ್ಟೇ ಬರೆದೆವು. 1800-180-5522 ಸಹಾಯವಾಣಿ ನಂಬರನ್ನು ಐಡಿ ಕಾರ್ಡಿನ ಹಿಂದೆ ಹಾಕಿಸಿದೆವು. ವರ್ಷದ ಮೊದಲು ಮಕ್ಕಳು, ಪೋಷಕರು ಕೊಡುವ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯನ್ನು ಸೈಬರ್ ಸೆಂಟರಿನವನೇ ತುಂಬಿಕೊಡುತ್ತಿದ್ದ, ಯಾರೂ ಓದುತ್ತಿರಲಿಲ್ಲ. ಈಗ ಪ್ರವೇಶದ ದಿನ ಅಪ್ಪ ಅಮ್ಮನನ್ನು ಕೂರಿಸಿ ಒಬ್ಬರು ಓದಿ ಹೇಳುತ್ತೇವೆ.

ಆ ನಿಯಮದಲ್ಲಿ ನನಗೆ ಹಿಡಿಸದ ಒಂದು ಅಂಶವೂ ಇದೆ. ತಪ್ಪು ಮಾಡಿದವರು ಯಾರು ಅಂತ ಗೊತ್ತಾಗದಿದ್ದರೆ ಸಾಮೂಹಿಕ ಶಿಕ್ಷೆ. ಕಾನೂನು, ಹಾಗಾಗಿ ಮುದ್ರಿಸಿದ್ದೇವೆ. ಅದನ್ನು ಬಳಸುವ ದಿನ ಬಾರದಿರಲಿ.

ಐಸಿಸಿ ಭಾಗ ಬರೆಯುವಾಗ ನಾವು ಹೆಚ್ಚು ಹೊತ್ತು ಕೂತದ್ದು ಎರಡು ಕಡೆ. ಒಂದು, ಇಂಟರ್ನಲ್ ಮಾರ್ಕ್ಸ್. ಮೇಷ್ಟ್ರ ಮೇಲೆ ದೂರು ಕೊಟ್ಟರೆ ಮಾರ್ಕ್ಸ್ ಕಟ್ ಆಗುತ್ತೆ ಅನ್ನೋದು ಮಕ್ಕಳ ದೊಡ್ಡ ಭಯ. ವಿಚಾರಣೆ ನಡೆಯುತ್ತಿರುವಾಗ ಆರೋಪ ಹೊತ್ತವರು ದೂರು ಕೊಟ್ಟವರ ಪರೀಕ್ಷೆ, ಮೌಲ್ಯಮಾಪನ ಮಾಡದಂತೆ ತಡೆಯಬಹುದು ಅಂತ 2015ರ ನಿಯಮವೇ ಹೇಳುತ್ತದೆ. ಆ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಇನ್ನೊಂದು, ರಾಜಿ. ನಮ್ಮ ಕಡೆ ಇಂಥದ್ದೇನಾದರೂ ಆದರೆ ಊರಿಂದ ಹಿರಿಯರು ಬರುತ್ತಾರೆ. ಪ್ರಿನ್ಸಿಪಾಲರ ಕೊಠಡಿಯಲ್ಲಿ ಟೀ ಬರುತ್ತದೆ. ‘ಹುಡುಗ್ರು ರೀ, ಹೋಗ್ಲಿ ಬಿಡ್ರಿ, ಇಲ್ಲಿಗೇ ಮುಗಿಸ್ರಿ’ ಅನ್ನುತ್ತಾರೆ. ಹುಡುಗಿ ಬಾಗಿಲ ಪಕ್ಕ ನಿಂತಿರುತ್ತಾಳೆ, ಅವಳನ್ನು ಯಾರೂ ಕೇಳೋದಿಲ್ಲ. ಕಾನೂನು ಬೇರೆಯೇ ಹೇಳುತ್ತದೆ. ರಾಜಿ ಬೇಕು ಅಂತ ದೂರು ಕೊಟ್ಟವಳೇ ಕೇಳಬೇಕು, ಮತ್ತು ರಾಜಿಯಲ್ಲಿ ದುಡ್ಡಿನ ಮಾತು ಇರಕೂಡದು. ಈ ಎರಡು ಸಾಲನ್ನು ಪ್ರಿನ್ಸಿಪಾಲರ ಕೊಠಡಿಯ ಗೋಡೆಗೂ ಹಾಕಿ ಎಂದೆ. ಹಾಕಿದರು. ಮುಂದೆ ನಡೆದ ವಿಚಾರಣೆಗಳ ಬಗ್ಗೆ ನಾನು ಇಲ್ಲಿ ಒಂದಕ್ಷರ ಬರೆಯುವಂತಿಲ್ಲ, ಬರೆಯೋದೂ ಇಲ್ಲ.

ಗಡುವುಗಳನ್ನು ಮಕ್ಕಳಿಗೆ ಲೆಕ್ಕ ಸಿಗುವ ಹಾಗೆ ಬರೆದೆವು. ಘಟನೆ ಆದ ಮೂರು ತಿಂಗಳೊಳಗೆ ದೂರು, ಕಾರಣ ಇದ್ದರೆ ಇನ್ನೂ ಮೂರು ತಿಂಗಳು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಎನ್‌ಎಸ್‌ಎಸ್ ಕ್ಯಾಂಪ್, ಟೂರ್, ಕ್ರೀಡಾಕೂಟದಲ್ಲಿ ಆದದ್ದಕ್ಕೂ ದೂರು ಕೊಡಬಹುದು. ಜೊತೆಗೆ ನಮ್ಮದೇ ಒಂದು ನಿಯಮ ಸೇರಿಸಿದೆವು. ಸಂಜೆ ಬಸ್ಸಿನ ಹೊತ್ತಿಗೆ ಯಾರನ್ನೂ ಹೇಳಿಕೆಗೆ ಕರೆಯಬಾರದು. ಬಸ್ ತಪ್ಪಿದರೆ ಮನೆಯಲ್ಲಿ ‘ಯಾಕೆ ಲೇಟು’ ಅಂತ ಕೇಳುತ್ತಾರೆ, ಗೋಪ್ಯ ಅಲ್ಲಿಗೇ ಮುಗಿಯುತ್ತದೆ ಅಲ್ವಾ?

ಶುಲ್ಕ ವಾಪಸ್ಸು, ಅಂಕಪಟ್ಟಿ ಒತ್ತೆ ಇಟ್ಟುಕೊಳ್ಳುವುದು, ಸ್ಕಾಲರ್‌ಶಿಪ್ ತಡ, ಇವೆಲ್ಲ ಯುಜಿಸಿಯ 2023ರ ಕುಂದುಕೊರತೆ ನಿಯಮದ ಅಡಿ ಬರುತ್ತವೆ. ಕುಂದುಕೊರತೆ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಸಮಾಧಾನ ಆಗದಿದ್ದರೆ ಮೇಲ್ಮನವಿ ಕೇಳುವ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್ ಹತ್ತಿರ ಹೋಗಬಹುದು. ಇದನ್ನು ಅರ್ಧ ಪುಟದಲ್ಲಿ ಮುಗಿಸಿದೆವು.

ಶಿಸ್ತಿನ ಅಧ್ಯಾಯ ಕೊನೆಗೆ ಹೋಯಿತು, ಮುಕ್ಕಾಲು ಭಾಗ ಬಿದ್ದುಹೋಯಿತು. ಅದರಲ್ಲಿ ಬದಲಾಯಿಸಲೇಬೇಕು ಅಂತ ನಾನು ಹಟ ಹಿಡಿದದ್ದು ತಪ್ಪೊಪ್ಪಿಗೆ ಪತ್ರದ ಪದ್ಧತಿ. ಹುಡುಗರು ಹೊಡೆದಾಡಿದರೆ ಆಫೀಸಿನಲ್ಲಿ ಒಬ್ಬರು ಸುಮ್ನೆ ಹೇಳುತ್ತಾ ಹೋಗೋರು, ಇವರು ಬರೆಯುತ್ತಾ ಹೋಗೋರು: ‘ನಾನು ಮಾಡಿದ್ದು ತಪ್ಪು, ಇನ್ನೊಮ್ಮೆ ಮಾಡುವುದಿಲ್ಲ’. ಏನು ಮಾಡಿದ ಅನ್ನೋದು ಎಲ್ಲ ಪತ್ರಗಳಲ್ಲೂ ಖಾಲಿ. ಈಗ ಅವನ ಮೇಲಿರುವ ದೂರು ಏನು ಅಂತ ಮೊದಲು ಲಿಖಿತವಾಗಿ ಕೊಡಬೇಕು. ನಡೆದದ್ದನ್ನು ಅವನೇ, ತನ್ನ ಮಾತಿನಲ್ಲಿ, ಒಬ್ಬನೇ ಕೂತು ಬರೆಯಬೇಕು. ಶಿಕ್ಷೆ ಅದರ ನಂತರ. ಹಿರಿಯ ಸಹೋದ್ಯೋಗಿಗಳು ಇದಕ್ಕೆ ಗೊಣಗಿದರು, ಈಗಲೂ ಗೊಣಗುತ್ತಾರೆ. ಮೊಬೈಲ್ ವಿಷಯದಲ್ಲಿ ನಾನು ಸೋತೆ. ಕಿತ್ತುಕೊಂಡ ಫೋನನ್ನು ಅವತ್ತೇ ಸಂಜೆ ವಾಪಸ್ ಕೊಡಬೇಕು ಅನ್ನುವಷ್ಟು ಮಾತ್ರ ಒಪ್ಪಿಕೊಂಡರು.

ದೂರು ಪೆಟ್ಟಿಗೆ ಪ್ರಿನ್ಸಿಪಾಲರ ಬಾಗಿಲ ಪಕ್ಕ, ಸರಿಯಾಗಿ ಸಿಸಿಟಿವಿ ಕೆಳಗೆ ಇತ್ತು. ಅದನ್ನು ಲೈಬ್ರರಿಯ ಬ್ಯಾಗ್ ಕಪಾಟಿನ ಹತ್ತಿರಕ್ಕೆ ತಂದೆವು, ಇನ್ನೊಂದನ್ನು ಲೇಡೀಸ್ ರೂಮಿನೊಳಗೆ ಇಟ್ಟೆವು. ಮೊದಲು ಬಂದದ್ದು ಹೆಚ್ಚಾಗಿ ಶೌಚಾಲಯದ ನೀರಿನ ದೂರುಗಳೇ. ಅದೂ ಬೇಗ ಸರಿಯಾಯಿತು, ಅದಾದ ಮೇಲೆ ಬೇರೆ ದೂರುಗಳೂ ಬರತೊಡಗಿದವು.

ಕೈಪಿಡಿಯನ್ನು ಜೇಬಿನಲ್ಲಿ ಹಿಡಿಸುವ ಅಳತೆಗೆ ಮಾಡಿಸಿದ್ದೇವೆ. ಕೊನೆಯ ಪುಟದಲ್ಲಿ ಸಮಿತಿಯವರ ಹೆಸರು, ಕೊಠಡಿ, ಫೋನ್. ಹೆಸರುಗಳು ಬದಲಾಗುವುದರಿಂದ ಅದು ಪ್ರತಿ ವರ್ಷ ಅಂಟಿಸುವ ಚೀಟಿ. ಜುಲೈ 2025ರಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರು ಇರಬೇಕು ಎಂದು ಹೇಳಿದೆ. ನಮ್ಮಲ್ಲಿ ಆ ಕೆಲಸವನ್ನು ಸದ್ಯಕ್ಕೆ ಮನಶ್ಶಾಸ್ತ್ರದ ಗಂಧವಿಲ್ಲದ ನಾವೇ ಅಧ್ಯಾಪಕರು ಮಾಡುತ್ತಿದ್ದೇವೆ. ಆಡಳಿತ ಮಂಡಳಿಗೆ ಪತ್ರ ಕೊಟ್ಟಿದ್ದೇನೆ, ಸಂಬಳ ಯಾವ ಲೆಕ್ಕದಿಂದ ಅಂತ ಕೇಳಿದ್ದಾರೆ. ಅಲ್ಲಿಯವರೆಗೆ ಕೊನೆಯ ಪುಟದ ಚೀಟಿಯಲ್ಲಿ ಆಪ್ತಸಮಾಲೋಚಕರ ಸಾಲಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಹಾಕಿದ್ದೇವೆ.