23 ರೆಪೊಗಳ ಇಶ್ಯೂ ಒಂದೇ ಕಮಾಂಡಲ್ಲಿ: ನನ್ನ ಅನುಭವ

ಪುಣೆಗೆ ಬಂದು ಆರು ವರ್ಷ ಆಯ್ತು, ಹಿಂಜೆವಾಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ರೂಮು. ಟೀಮಲ್ಲಿ ಐದೇ ಜನ, ಗಿಟ್‌ಹಬ್ ಸೈಟಲ್ಲಿ ನೋಡ್ಕೋಬೇಕಾದ ರೆಪೊ (ಒಂದೊಂದು ಪ್ರಾಜೆಕ್ಟಿನ ಕೋಡ್ ಇಡೋ ಜಾಗ) ಮಾತ್ರ 23. ಬೆಳಿಗ್ಗೆ ಒಂದೊಂದೇ ಟ್ಯಾಬ್ ತೆಗೆದು ಇಶ್ಯೂ, ಅಂದ್ರೆ ಜನ ಬರೆದಿಟ್ಟ ದೂರು-ಬೇಡಿಕೆ, ನೋಡ್ತಾ ಕೂತ್ರೆ ನಾಲ್ಕೈದು ರೆಪೊ ಮುಗಿಯೋಷ್ಟರಲ್ಲಿ ಸ್ಟ್ಯಾಂಡಪ್ (ದಿನದ ಚಿಕ್ಕ ಟೀಮ್ ಮೀಟಿಂಗ್) ಶುರು, ಉಳಿದವು ಹಾಗೇ ಬಿದ್ದಿರ್ತಿದ್ವು.

ಹಾಗೆ ಬಿದ್ದಿದ್ದ ಒಂದು ಇಶ್ಯೂನೇ ನನ್ನನ್ನ ಎಲ್ಲ ರೆಪೊದ ಇಶ್ಯೂ ಒಂದೇ ಕಡೆ ತರೋ ಕೆಲಸಕ್ಕೆ ಹಚ್ಚಿದ್ದು. ಸಪೋರ್ಟಿನ ಹುಡುಗಿ "ರಸೀದಿ ಮೇಲೆ ಹಿಂದಿನ ದಿನದ ತಾರೀಖು ಬರ್ತಿದೆ" ಅಂತ ಬರೆದು ಫೋಟೋನೂ ಹಾಕಿದ್ಲು. ಸರ್ವರ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಟೈಮಲ್ಲಿ ಓಡ್ತಿತ್ತು, ನಮ್ಮ ಟೈಮು ಅದಕ್ಕಿಂತ ಐದೂವರೆ ಗಂಟೆ ಮುಂದೆ, ಹಂಗಾಗಿ ಮಧ್ಯರಾತ್ರಿಯಿಂದ ಬೆಳಗಿನ 5:30ರ ತನಕ ಕೊಟ್ಟ ರಸೀದಿಗೆಲ್ಲ ನಿನ್ನೆ ತಾರೀಖು. ಎರಡು ಸಾಲಿನ ಫಿಕ್ಸು, ನಾಲ್ಕು ತಿಂಗಳು ಬಿದ್ದಿತ್ತು. ಕೆಳಗೆ ಆಕೆ ಮೂರು ಸಲ "ಯಾರಾದ್ರೂ ನೋಡ್ತೀರಾ" ಅಂತ ಕೇಳಿದ್ದು ಓದಿ ಹೊಟ್ಟೆಯೊಳಗೆ ಸಂಕಟ ಆಯ್ತು.

ಮೊದಲು ಬ್ಯಾಶ್ ಸ್ಕ್ರಿಪ್ಟಲ್ಲಿ ಲೂಪ್ ಹಾಕಿ, ಕರ್ಲ್ ಅನ್ನೋ ಟೂಲಿಂದ ಗಿಟ್‌ಹಬ್ ಎಪಿಐ (ಪ್ರೋಗ್ರಾಮ್‌ಗಳು ಮಾಹಿತಿ ಕೇಳೋ ದಾರಿ) ಕರೆದು, ಬಂದದ್ದನ್ನ ಜೇಕ್ಯೂ ಅನ್ನೋ ಇನ್ನೊಂದು ಟೂಲಲ್ಲಿ ಸೋಸಿದೆ. ಎರಡು ಕಡೆ ಎಡವಿದೆ. ಒಂದು, ಆ ಎಪಿಐಗೆ ಪುಲ್ ರಿಕ್ವೆಸ್ಟೂ (ಕೋಡ್ ಬದಲಾವಣೆ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ) ಇಶ್ಯೂನೇ, ಎಲ್ಲ ಕಲಸಿಕೊಂಡು ಬರುತ್ತೆ. ಇನ್ನೊಂದು, ನಾವು ಹೇಳದಿದ್ರೆ ಒಂದು ಪುಟಕ್ಕೆ 30 ಮಾತ್ರ ಕೊಡುತ್ತೆ, ಎಷ್ಟು ಕೇಳಿದ್ರೂ 100ರ ಮೇಲೆ ಇಲ್ಲ. ಯಾವ ರೆಪೊದಲ್ಲೂ 30ಕ್ಕಿಂತ ಜಾಸ್ತಿ ಇಲ್ಲ ಅಂತ ಒಂದು ವಾರ ನಂಬಿದ್ದೆ.

ಆಮೇಲೆ ಗಿಟ್‌ಹಬ್‌ನವರದ್ದೇ ಜಿಎಚ್ ಅನ್ನೋ ಕಮಾಂಡ್ ಟೂಲ್ ಹಿಡಿದೆ. ಅದರ ಸರ್ಚ್ ಇಶ್ಯೂಸ್ ಕಮಾಂಡಿಗೆ ಓನರ್ ಹೆಸರು ಕೊಟ್ಟು ಸ್ಟೇಟ್ ಓಪನ್ ಅಂದ್ರೆ ಎಲ್ಲ ರೆಪೊದ್ದೂ ಒಟ್ಟಿಗೆ ಬರುತ್ತೆ, ಪುಲ್ ರಿಕ್ವೆಸ್ಟ್ ಬೇಕಂದ್ರೆ ಮಾತ್ರ. ಇಲ್ಲೂ ಲಿಮಿಟ್ ಹಾಕದಿದ್ರೆ 30ಕ್ಕೇ ನಿಲ್ಲುತ್ತೆ, ಮರೀಬೇಡಿ.

ನಿಜವಾದ ಪ್ರಶ್ನೆ ಬಂದಿದ್ದು ಯಾವುದು ಮೇಲೆ ಕಾಣಬೇಕು ಅನ್ನೋದ್ರಲ್ಲಿ. ಹೊಸದು ಮೇಲೆ ಇಟ್ರೆ ಹಳೇದು ಮತ್ತೆ ಹೂತುಹೋಗುತ್ತೆ, ಅದಕ್ಕೆ ಅಪ್ಡೇಟ್ ಆಗಿ ತುಂಬಾ ದಿನ ಆದದ್ದು ಮೊದಲು ಅಂತ ಸಾರ್ಟ್ ಮಾಡಿದೆ, ಎರಡು ವಾರ ಚೆನ್ನಾಗಿ ನಡೀತು, ಆಮೇಲೆ ಒಂದಿನ ಯಾರೋ ಎಲ್ಲ ಇಶ್ಯೂಗೂ ಒಂದು ಲೇಬಲ್ ಹಚ್ಚಿದ್ರು, ಲೇಬಲ್ ಹಚ್ಚಿದ್ರೂ ಅಪ್ಡೇಟ್ ಟೈಮ್ ಬದಲಾಗುತ್ತಲ್ಲ, ಪಟ್ಟಿ ಪೂರ್ತಿ ಇವತ್ತಿಂದೇ ಆಗಿಬಿಡ್ತು! ಬಾಟ್ (ತಾನಾಗೇ ಓಡೋ ಪ್ರೋಗ್ರಾಮ್) ಕಾಮೆಂಟ್ ಹಾಕಿದ್ರೂ ಇದೇ ಕಥೆ.

ಈಗ ಪ್ರತಿ ಇಶ್ಯೂದ ಕಾಮೆಂಟ್ ತರಿಸಿ, ಬಾಟ್‌ಗಳನ್ನ ಬಿಟ್ಟು, ಕೊನೆಗೆ ಮಾತಾಡಿದ್ದು ಯಾರು ಅಂತ ನೋಡ್ತೀನಿ. ಟೀಮಿನವರಾದ್ರೆ ಕೆಳಗೆ, ಹೊರಗಿನವರು ಕೇಳಿ ಉತ್ತರ ಸಿಗದೆ ಕಾಯ್ತಿದ್ರೆ ಮೇಲೆ, ಎಷ್ಟು ದಿನದಿಂದ ಅನ್ನೋದರ ಸಮೇತ. ಇಶ್ಯೂಗೊಂದು ಕರೆ ಜಾಸ್ತಿ ಆಗುತ್ತೆ, ಆದ್ರೆ ಟೋಕನ್ (ನಾವ್ಯಾರು ಅಂತ ಗಿಟ್‌ಹಬ್‌ಗೆ ತೋರಿಸೋ ಕೀ) ಇದ್ರೆ ಗಂಟೆಗೆ 5000 ಕರೆ ಸಿಗುತ್ತೆ, ನಮ್ಮದು ಇನ್ನೂರೂ ದಾಟಲ್ಲ. ತೋರಿಸೋದು 15 ಸಾಲು ಮಾತ್ರ, ಸ್ಕ್ರೋಲ್ ಮಾಡ್ಬೇಕಾದ ಪಟ್ಟಿನ ಯಾರೂ ಓದಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮೊನ್ನೆ ಸ್ಟ್ಯಾಂಡಪ್‌ನಲ್ಲಿ ಈ ಪಟ್ಟಿನ ಸ್ಕ್ರೀನ್ ಮೇಲೆ ಹಾಕಿದಾಗ ನಮ್ಮ ಬಾಗಲಕೋಟೆ ಹುಡುಗ "ಸರ, ಮ್ಯಾಲಿಂದು ನಾ ತಗೋತೀನ್ರಿ, 41 ದಿನ ಆತು ನೋಡ್ರಿ ಪಾಪ" ಅಂದ. ಮಧ್ಯಾಹ್ನ ಊಟದ ಹೊತ್ತಿಗೆ ಅದು ಕ್ಲೋಸ್ ಆಗಿತ್ತು.