ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ತೊಂದರೆ) ಇದ್ದು ಬರೆಯಲು ಒದ್ದಾಡುತ್ತಿದ್ದೀರಾ?

ಬರವಣಿಗೆಯ ಬಗ್ಗೆ ಆನ್ ಲಾಮಟ್ ಬರೆದ ‘ಬರ್ಡ್ ಬೈ ಬರ್ಡ್’ (1994) ಪುಸ್ತಕ ಓದಿ ನೋಡಿ. ಎಡಿಎಚ್‌ಡಿಗೆಂದೇ ಬರೆದದ್ದಲ್ಲ, ಆದರೂ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಲೇಖಕಿ ಮೇಜಿನ ಮೇಲೆ ಒಂದಿಂಚಿನ ಫೋಟೊ ಫ್ರೇಮ್ ಇಟ್ಟುಕೊಂಡಿದ್ದರಂತೆ. ಅದರೊಳಗೆ ಕಾಣುವಷ್ಟು ಬರೆದರೆ ಈಗ ಸಾಕು ಅಂತ ನೆನಪಿಸಲು. ನನ್ನ ಮೇಜಿನ ಮೇಲೆ ಖಾಲಿ ಬೆಂಕಿಪೊಟ್ಟಣ ಇದೆ! ಇಡೀ ಮದುವೆಮನೆ ಬೇಡ, ವೀಳ್ಯದೆಲೆಯ ತೊಟ್ಟು ಮುರಿಯುವ ಅಜ್ಜಿಯ ಕೈ ಸಾಕು. ದಿನಾ ಒಂದೇ ಹೊತ್ತಿಗೆ ಬರೆಯಲು ಕೂರಿ ಅನ್ನುವ ಲಾಮಟ್ ಅವರ ಮಾತು ಮಾತ್ರ ನನಗೆ ಆಗಿಬರಲಿಲ್ಲ, ಬಿಟ್ಟೆ.

ನಟಾಲಿ ಗೋಲ್ಡ್‌ಬರ್ಗ್ ಅವರ ‘ರೈಟಿಂಗ್ ಡೌನ್ ದ ಬೋನ್ಸ್’ (1986) ಕೂಡ ಒಳ್ಳೆಯದು. ಅಧ್ಯಾಯಗಳು ಪುಟ್ಟವು, ಎಲ್ಲಿಂದ ಬೇಕಾದರೂ ಓದಬಹುದು. ಅವರು ಹೇಳುವುದು ಇಷ್ಟೇ: ಹತ್ತು ನಿಮಿಷ ಟೈಮರ್ ಇಟ್ಟು ಬರೆಯಿರಿ. ಕೈ ನಿಲ್ಲಿಸಬೇಡಿ, ಏನನ್ನೂ ಹೊಡೆದುಹಾಕಬೇಡಿ. ಕಾಗುಣಿತ ತಪ್ಪಿದರೂ ಪರವಾಗಿಲ್ಲ.